ಶ್ರಾವಕನ ಸ್ಥಾನ ಮತ್ತು ಆಲಯ

ವ್ರತವನ್ನು ಧರಿಸಿದವರು ಎರಡು ಬಗೆಯವರೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವಿಂಗಡಿಸಿದ್ದಾರೆ. ಒಬ್ಬನು ಅಗಾರಿ, ಮತ್ತೊಬ್ಬನು ಅನಗಾರ. ಅಗಾರವೆಂದರೆ ಮನೆ. ಮನೆಯುಳ್ಳವನು ಅಗಾರಿ, ಮನೆಯನ್ನು ತೊರೆದವನು ಅನಗಾರ. ಗೃಹಸ್ಥನನ್ನು ಗುರುತಿಸುವುದಕ್ಕೆ ಆಚಾರ್ಯರು ಅವನ ಕುಲವನ್ನಾಗಲಿ ಉದ್ಯೋಗವನ್ನಾಗಲಿ ಹಿಡಿಯಲಿಲ್ಲ, ಮನೆಯನ್ನೇ ಹಿಡಿದರು. ಹೀಗಿರುವಾಗ ಮನೆ ಕೊಳ್ಳುವುದು ಬರಿಯ ಹಣಕಾಸಿನ ವ್ಯವಹಾರ, ಅದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ ಎಂದು ಭಾವಿಸುವ ಶ್ರಾವಕನು ತನಗೆ ಸಂದ ಹೆಸರಿನ ಅರ್ಥವನ್ನೇ ಮರೆತಂತಾಗುತ್ತದೆ.

ಇಲ್ಲಿ ಒಂದು ಶಂಕೆ ಸಹಜವಾಗಿ ಏಳುತ್ತದೆ. ಮುನಿಗಳೂ ಪಾಳುಮನೆಯಲ್ಲಿಯೋ ದೇಗುಲದಲ್ಲಿಯೋ ತಂಗುತ್ತಾರೆ. ಹಾಗಾದರೆ ಅವರೂ ಅಗಾರಿಗಳೆ? ವಿಷಯತೃಷ್ಣೆ ಅಡಗದವನೊಬ್ಬನು ಯಾವುದೋ ಕಾರಣದಿಂದ ಮನೆ ಬಿಟ್ಟು ಕಾಡು ಸೇರಿದರೆ ಅವನು ಅನಗಾರನಾಗಿಬಿಡುವನೆ? ಕನ್ನಡ ನಾಡಿನ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಶಂಕೆಯನ್ನು ತಾವೇ ಎತ್ತಿ ತಾವೇ ಪರಿಹರಿಸಿದ್ದಾರೆ. ಅಲ್ಲಿ ಹೇಳಿರುವ ಅಗಾರವು ಕಲ್ಲುಮಣ್ಣಿನದಲ್ಲ, ಭಾವಾಗಾರ. ಚಾರಿತ್ರಮೋಹದ ಉದಯದಿಂದ ಮನೆಯ ಕಡೆಗೆ ತಿರುಗಿದ ಪರಿಣಾಮ ಯಾರಲ್ಲಿ ಹಿಂತೆಗೆದಿಲ್ಲವೋ ಅವನು ಕಾಡಿನಲ್ಲಿದ್ದರೂ ಅಗಾರಿಯೇ.

ಈ ಮಾತನ್ನು ಕೇಳಿದ ಕೆಲವರು ಥಟ್ಟನೆ ಒಂದು ತೀರ್ಮಾನಕ್ಕೆ ಬರುವುದುಂಟು. ಭಾವವೇ ಮುಖ್ಯವಾದರೆ ಮನೆ ಎಲ್ಲಿದ್ದರೇನು, ಹೇಗಿದ್ದರೇನು, ಮನಸ್ಸು ಶುದ್ಧವಾಗಿದ್ದರೆ ಸಾಕಲ್ಲವೆ ಎಂಬುದು ಅವರ ವಾದ. ವಾದ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಭಾವಕ್ಕೆ ಬಾಹ್ಯನಿಮಿತ್ತವಿಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ. ಸಾಮಾಯಿಕವನ್ನು ಎಲ್ಲಿ ಮಾಡಬೇಕೆಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಬಿಡಿಸಿ ಹೇಳುವಾಗ ಏಕಾಂತವೂ ಕ್ಷೋಭೆಯಿಲ್ಲದುದೂ ಆದ ಎಡೆಯನ್ನು ಕೇಳುತ್ತಾರೆ. ಕಾಡು, ಮನೆ, ಚೈತ್ಯಾಲಯ ಎಂದು ಎಡೆಗಳನ್ನು ಹೆಸರಿಸುತ್ತಾರೆ. ಕಾಡು ಮತ್ತು ಚೈತ್ಯಾಲಯಗಳ ನಡುವೆ ಮನೆಗೂ ಸ್ಥಾನವಿತ್ತರೆಂಬುದನ್ನು ಗೃಹಸ್ಥರು ಗಮನಿಸಬೇಕು. ಸಾಮಾಯಿಕಕ್ಕೆ ಎಡೆಗೊಡದ ಮನೆ ಎಷ್ಟು ಬೆಲೆಬಾಳಿದರೂ ಶ್ರಾವಕನ ಪಾಲಿಗೆ ಅರ್ಧ ಮನೆ.

ಮನೆಯ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಬಳಕೆಗೆ ಬರುವ ಮಾತನ್ನು ಹೇಳಿದವರು ಮುನಿಗಳಲ್ಲ, ಗೃಹಸ್ಥರೇ ಆದ ಪಂಡಿತ ಆಶಾಧರರು. ಅವರು ಸಾಗಾರಧರ್ಮಾಮೃತದ ಮೊದಲ ಅಧ್ಯಾಯದಲ್ಲಿ, ಶ್ರಾವಕಧರ್ಮಕ್ಕೆ ಅರ್ಹನಾದವನ ಗುಣಗಳನ್ನು ಎಣಿಸುವಾಗ, ನ್ಯಾಯದಿಂದ ಗಳಿಸಿದ ಧನದಿಂದ ಆರಂಭಿಸಿ, ಧರ್ಮ ಅರ್ಥ ಕಾಮಗಳನ್ನು ಒಂದಕ್ಕೊಂದು ಅಡ್ಡಬಾರದಂತೆ ಸಾಧಿಸುವುದಕ್ಕೆ ತಕ್ಕ ಗೃಹಿಣಿ, ತಕ್ಕ ಸ್ಥಾನ, ತಕ್ಕ ಆಲಯ ಇವನ್ನು ಹೇಳುತ್ತಾರೆ. ಸ್ಥಾನವೆಂದರೆ ಊರು; ಆಲಯವೆಂದರೆ ಮನೆ. ಇವೆರಡನ್ನೂ ಒಂದೇ ಪದದಲ್ಲಿ ಅಡಗಿಸಬಹುದಾಗಿತ್ತು. ಅವರು ಅಡಗಿಸಲಿಲ್ಲ. ಊರನ್ನು ಮುಂದಿಟ್ಟು ಮನೆಯನ್ನು ಹಿಂದಿಟ್ಟರು. ಈಗಿನವರು ಮಾಡುವುದು ಇದಕ್ಕೆ ತಿರುಗುಮುರುಗು: ಮೊದಲು ಕೋಣೆಗಳ ಲೆಕ್ಕ, ನೆಲಕ್ಕೆ ಹಾಸಿದ ಕಲ್ಲಿನ ಹೊಳಪು, ಕಾರು ನಿಲ್ಲಿಸುವ ಜಾಗ, ಊರಿನ ಮಾತು ಕಟ್ಟಕಡೆಗೆ, ಅದೂ ಪೇಟೆಗೆ ಎಷ್ಟು ದೂರ ಎಂಬಷ್ಟಕ್ಕೆ ಮಾತ್ರ.

ಆಶಾಧರರು ಇದನ್ನು ಪುಸ್ತಕದ ಮಾತಾಗಿ ಮಾತ್ರ ಬರೆದವರಲ್ಲ. ಅವರ ಹುಟ್ಟೂರು ಸಪಾದಲಕ್ಷ ದೇಶದ ಮಂಡಲಕರ, ಎಂದರೆ ಇಂದಿನ ರಾಜಸ್ಥಾನದ ಮಾಂಡಲಗಢ. ಘೋರಿಯ ದಾಳಿಯಿಂದ ಆ ದೇಶದಲ್ಲಿ ಧರ್ಮಾಚರಣೆಗೆ ಕೇಡು ಒದಗಿದಾಗ ಅವರು ಪರಿವಾರ ಸಮೇತ ಮಾಳವದ ರಾಜಧಾನಿಯಾದ ಧಾರಾನಗರಕ್ಕೆ ಬಂದರು. ಧಾರೆ ವಿದ್ವಾಂಸರ ನಗರ. ರಾಜಾಶ್ರಯಕ್ಕೂ ಕೀರ್ತಿಗೂ ಅಲ್ಲಿ ಕೊರತೆಯಿರಲಿಲ್ಲ. ಆದರೂ ಅವರು ಅಲ್ಲಿ ನಿಲ್ಲದೆ, ಶ್ರಾವಕರಿಂದ ತುಂಬಿದ್ದ ನಲಕಚ್ಛಪುರವೆಂಬ ಸಣ್ಣ ಊರಿಗೆ ಹೋಗಿ ನೆಲೆಸಿದರು. ಜಿನಧರ್ಮದ ಅಭ್ಯುದಯಕ್ಕಾಗಿಯೇ ಅಲ್ಲಿಗೆ ಹೋದುದಾಗಿ ಅವರು ಗ್ರಂಥದ ಪ್ರಶಸ್ತಿಯಲ್ಲಿ ಹೇಳಿಕೊಂಡಿದ್ದಾರೆ. ಅಲ್ಲಿಯ ನೇಮಿನಾಥ ಚೈತ್ಯಾಲಯದಲ್ಲಿ ಅವರು ಹಲವು ಗ್ರಂಥಗಳನ್ನು ರಚಿಸಿದರು. ಸಾಗಾರಧರ್ಮಾಮೃತದ ಟೀಕೆ ವಿಕ್ರಮ ಸಂವತ್ 1296ರಲ್ಲಿ, ಎಂದರೆ ಕ್ರಿ.ಶ. 1239ರ ಸುಮಾರಿಗೆ ಮುಗಿಯಿತು. ಎರಡು ಬಾರಿ ಊರು ಬದಲಾಯಿಸಿದ ಗೃಹಸ್ಥರೊಬ್ಬರು ತಕ್ಕ ಸ್ಥಾನ, ತಕ್ಕ ಆಲಯ ಎಂದು ಬರೆದರೆಂದರೆ ಆ ಮಾತಿಗೆ ತೂಕ ಹೆಚ್ಚು. ಮೊದಲ ಬಾರಿ ಅವರು ಭಯದಿಂದ ಹೊರಟರು, ಎರಡನೆಯ ಬಾರಿ ಆರಿಸಿಕೊಂಡು ಹೊರಟರು.

ಈ ಎರಡು ಪದಗಳನ್ನು ಕೈದೀಪದಂತೆ ಹಿಡಿದುಕೊಂಡು ಇಂದಿನ ತುಳುನಾಡಿನ ಒಂದು ಮನೆಯ ಪ್ರಶ್ನೆಯನ್ನು ನೋಡಬಹುದು. ಕಾಪು ತಾಲೂಕಿನ ಉಚ್ಚಿಲ, ಪಡುಬಿದ್ರಿ ಮತ್ತು ಕಾಪುಗಳ ನಡುವೆ ರಾಷ್ಟ್ರೀಯ ಹೆದ್ದಾರಿಯ ಎರಡೂ ಬದಿಗೆ ಹರಡಿಕೊಂಡ ಊರು. (ಸೋಮೇಶ್ವರದ ಆಚೆ, ತಲಪಾಡಿಯ ಹಾದಿಯಲ್ಲಿ ಮತ್ತೊಂದು ಉಚ್ಚಿಲವಿದೆ, ಇದು ಅದಲ್ಲ.) ಉಡುಪಿ, ಮಣಿಪಾಲಗಳಲ್ಲಿಯೂ ಮೂಲ್ಕಿ, ಮಂಗಳೂರುಗಳಲ್ಲಿಯೂ ಉದ್ಯೋಗವಿರುವವರು ಇಂತಹ ನಡುವಣ ಊರುಗಳಲ್ಲಿ ನಿವೇಶನ ಹುಡುಕುವುದು ಈಗ ಸಾಮಾನ್ಯವಾಗಿದೆ. ಒಂದು ದಿಗಂಬರ ಕುಟುಂಬವನ್ನು ಉದಾಹರಣೆಗಾಗಿ ಎಣಿಸಿಕೊಳ್ಳಬಹುದು. ಗೃಹಸ್ಥನಿಗೆ ಮಣಿಪಾಲದಲ್ಲಿ ಕೆಲಸ. ಅವನ ಪತ್ನಿ ಮೂಲ್ಕಿಯ ಕಡೆ ಅಧ್ಯಾಪಿಕೆ. ಮಕ್ಕಳಿಬ್ಬರು ಶಾಲೆಯಲ್ಲಿದ್ದಾರೆ. ವಿಧವೆಯಾದ ತಾಯಿ ಕಾರ್ಕಳದ ಹಳೆಯ ಹೆಂಚಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಆ ಮನೆಯಲ್ಲಿ ಸೋದರಮಾವಂದಿರ ಕಾಲದಿಂದ ಪೂಜೆಗೊಳ್ಳುತ್ತ ಬಂದ ಒಂದು ಚಿಕ್ಕ ಜಿನಬಿಂಬವಿದೆ. ಮನೆಯನ್ನು ಮಾರಿ ಪಾಲು ಹಂಚಿಕೊಳ್ಳಬೇಕೆಂದು ಕುಟುಂಬದ ಉಳಿದವರು ಒತ್ತಾಯಿಸುತ್ತಿದ್ದಾರೆ. ಬಂದ ಹಣಕ್ಕೆ ಸಾಲ ಸೇರಿಸಿ ಮನೆ ಕೊಳ್ಳಬೇಕು. ಎದುರಿಗಿರುವ ದಾರಿಗಳು ಮೂರು: ಮಣಿಪಾಲದಲ್ಲಿ ಎಂಟನೆಯ ಮಹಡಿಯ ಒಂದು ಫ್ಲ್ಯಾಟು, ಉಚ್ಚಿಲದಲ್ಲಿ ಹೆದ್ದಾರಿಯ ಪಡುಬದಿಗೆ ಕಡಲು ಕಾಣುವ ನಿವೇಶನ, ಅದೇ ಊರಿನಲ್ಲಿ ಹೆದ್ದಾರಿಯ ಮೂಡುಬದಿಗೆ ಬಾವಿಯಿರುವ ಹಳೆಯ ಕೆಂಪುಕಲ್ಲಿನ ಮನೆ.

ಲೌಕಿಕ ದೃಷ್ಟಿಯಲ್ಲಿ ಇದು ಸಾಧಾರಣ ಪ್ರಶ್ನೆ. ಆದರೆ ಆ ತಾಯಿಗೆ ಒಂದು ನಿಯಮವುಂಟು. ಜಿನದರ್ಶನವಾಗದೆ ಅವಳು ಆಹಾರ ಮುಟ್ಟುವುದಿಲ್ಲ. ಕಾರ್ಕಳದಲ್ಲಿ ಅದು ಅವಳಿಗೆ ನಿಯಮವೆಂದೇ ಅನಿಸುತ್ತಿರಲಿಲ್ಲ. ಸ್ನಾನ ಮುಗಿಸಿ ಹತ್ತು ಹೆಜ್ಜೆ ನಡೆದರೆ ಬಸದಿ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿ ಸ್ವಾಮಿಯ ಬೆಟ್ಟ, 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿ, ಹಿರಿಯಂಗಡಿಯ ಬಸದಿಗಳು, ಇವುಗಳ ನಡುವೆ ಹುಟ್ಟಿ ಬೆಳೆದವರಿಗೆ ದರ್ಶನವು ಉಸಿರಾಟದಷ್ಟು ಸುಲಭ. ಸುಲಭವಾದುದರ ಬೆಲೆ ಸ್ಥಾನ ಬದಲಾದಾಗ ತಿಳಿಯುತ್ತದೆ. ಮಗನು ಮನೆಯ ಮಾತು ಎತ್ತಿದಾಗ ಆಕೆ ಕೇಳುವುದು ಒಂದೇ ಮಾತು: “ಅಲ್ಲಿ ಬಸದಿ ಎಲ್ಲಿದೆ ಮಗಾ?” ಮಗನಿಗೆ ಉತ್ತರ ಗೊತ್ತಿಲ್ಲದೆ ಅಲ್ಲ. ಉಚ್ಚಿಲವು ಕಾರ್ಕಳ ಮೂಡುಬಿದಿರೆಗಳಂತೆ ಬಸದಿಗಳ ಊರಲ್ಲ. ಮೂಲ್ಕಿಗೆ ಹೋಗಬೇಕು, ಇಲ್ಲವೆ ಪಡುಬಿದ್ರಿಯ ಮಾರ್ಗವಾಗಿ ಕಾರ್ಕಳಕ್ಕೇ ಹೋಗಬೇಕು. ಎಪ್ಪತ್ತು ದಾಟಿದ ಆಕೆ ದಿನವೂ ಬಸ್ಸು ಹತ್ತಲಾರಳು. ಹಾಗಾದರೆ ಆ ಮನೆಯಲ್ಲಿ ಆಕೆ ದಿನವೂ ಉಪವಾಸವಿರಬೇಕು, ಇಲ್ಲವೆ ಐವತ್ತು ವರ್ಷ ನಡೆಸಿದ ನಿಯಮವನ್ನು ಮುರಿಯಬೇಕು.

ಸ್ಥಾನವೆಂಬ ಪದದ ಭಾರ ಇಲ್ಲಿ ತಿಳಿಯುತ್ತದೆ. ಊರನ್ನು ಆರಿಸುವವನು ತನ್ನೊಬ್ಬನ ಅನುಕೂಲಕ್ಕಾಗಿ ಆರಿಸುವುದಿಲ್ಲ. ಮನೆಯಲ್ಲಿ ಯಾರ ವ್ರತ ಹಿರಿದೋ ಅವರ ವ್ರತವನ್ನು ನಿಲ್ಲಿಸುವುದಕ್ಕಾಗಿ ಅಥವಾ ಕೆಡಿಸುವುದಕ್ಕಾಗಿ ಆರಿಸುತ್ತಾನೆ. ಎಲ್ಲರ ಅನುಕೂಲಗಳನ್ನು ಕೂಡಿ ಭಾಗಿಸುವ ಲೆಕ್ಕ ಇಲ್ಲಿ ನಡೆಯದು. ಮಗನ ಪ್ರಯಾಣ ಅರ್ಧ ಗಂಟೆ ಹೆಚ್ಚಾದರೆ ಅದು ಶ್ರಮ. ತಾಯಿಯ ನಿಯಮ ಮುರಿದರೆ ಅದು ಹಾನಿ. ಶ್ರಮವನ್ನೂ ಹಾನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಉಚ್ಚಿಲವನ್ನು ಹೀಗೆ ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ಸಲ್ಲದು. ಕಡಲ ಬದಿಯಲ್ಲಿ ಜೈನಧರ್ಮಕ್ಕೆ ನೆಲೆಯೇ ಇರಲಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ನೆರೆಯ ಕಾಪುವಿನಲ್ಲಿ ಧರ್ಮನಾಥ ಬಸದಿಗೆ ಮದ್ದಹೆಗ್ಗಡೆಯು ಭೂಮಿ ಬಿಟ್ಟುದನ್ನು ತಿಳಿಸುವ ಹದಿನಾರನೆಯ ಶತಮಾನದ ತಾಮ್ರಶಾಸನ ದೊರೆತಿದೆ. ಮೂಲ್ಕಿಯ ಸಾವಂತರು ಜೈನರೇ. ಈ ಕರಾವಳಿಯಲ್ಲಿ ಶ್ರಾವಕರು ಶತಮಾನಗಳ ಕಾಲ ಮೊಗವೀರ, ಬಿಲ್ಲವ, ಬಂಟ, ಬ್ರಾಹ್ಮಣ, ಮುಸಲ್ಮಾನ, ಕ್ರೈಸ್ತ ನೆರೆಯವರೊಡನೆ ಬಾಳಿ ತಮ್ಮ ಆಚಾರವನ್ನು ಉಳಿಸಿಕೊಂಡಿದ್ದಾರೆ. ಆದುದರಿಂದ ನೆರೆಯವರು ಯಾರು ಎಂಬುದಕ್ಕಿಂತ ನೆರೆಯವರೊಡನೆ ಹೇಗೆ ಬಾಳುವೆನೆಂಬುದನ್ನು ಕೊಳ್ಳುವವನು ಮೊದಲು ಕೇಳಿಕೊಳ್ಳಲಿ. ಉಚ್ಚಿಲದ ಮಹಾಲಕ್ಷ್ಮೀ ದೇವಸ್ಥಾನವು ಮೊಗವೀರ ಸಮಾಜದ ಶ್ರದ್ಧೆಯ ನೆಲೆ. 2022ರಿಂದ ಅಲ್ಲಿ ನವರಾತ್ರಿಗೆ ದಸರಾ ಉತ್ಸವವೂ ನಡೆಯುತ್ತಿದೆ. ಕಡಲ ಕಡೆಯ ಬಾಳು ಮೀನುಗಾರಿಕೆಯನ್ನು ನಂಬಿದ ಬಾಳು. ಬಲೆ ಹರಡುವುದು, ಮೀನು ಒಣಗಿಸುವುದು ಅಲ್ಲಿ ಇದ್ದೇ ಇರುತ್ತದೆ. ಅದನ್ನು ನೋಡಿ ಮನಸ್ಸು ಕದಡುವ ಶ್ರಾವಕನು ಕಡಲು ಕಾಣುವ ನಿವೇಶನವನ್ನು ಕೊಳ್ಳದಿರುವುದೇ ಒಳ್ಳೆಯದು. ಕೊಂಡಮೇಲೆ ಮೂಗು ಮುಚ್ಚಿಕೊಂಡು ತಲೆಮಾರುಗಳಿಂದ ಅಲ್ಲಿರುವವರ ಮೇಲೆ ಪಂಚಾಯಿತಿಗೆ ದೂರು ಬರೆಯುವುದು ಅಹಿಂಸೆಯಲ್ಲ, ಅದು ಮಾನಕಷಾಯ. ಬಾಂಧವ್ಯವಿಲ್ಲದ ಊರಿನಲ್ಲಿ ದಶಲಕ್ಷಣ ಪರ್ವವನ್ನು ಆಚರಿಸಿ ಉತ್ತಮ ಕ್ಷಮೆಯನ್ನು ಯಾರೊಡನೆ ಬೇಡುವುದು?

ಕಡಲ ಬದಿಯ ನಿವೇಶನಕ್ಕೆ ಬೇರೆ ತೊಡಕುಗಳೂ ಉಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಈ ಕರಾವಳಿಯಲ್ಲಿ ಅಲೆಗಳು ಎಲ್ಲಿಯವರೆಗೆ ಏರಿದವೆಂಬುದನ್ನು ಅಲ್ಲಿಯವರನ್ನು ಕೇಳಿದರೆ ಹೇಳುತ್ತಾರೆ. ದಡದ ಸಮೀಪದ ಬಾವಿಗಳ ನೀರು ಬೇಸಗೆಯಲ್ಲಿ ಉಪ್ಪಾಗುವ ಭಯವಿದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಮೊದಲು ಬಂದು, 2011ರಲ್ಲಿಯೂ 2019ರಲ್ಲಿಯೂ ಬದಲಾಗಿದೆ. ಉಬ್ಬರದ ಗೆರೆಯಿಂದ ಇಷ್ಟು ದೂರದೊಳಗೆ ಕಟ್ಟಬಾರದೆಂಬ ಕಟ್ಟಳೆ ಒಂದಲ್ಲ ಒಂದು ರೂಪದಲ್ಲಿ ಉಳಿದಿದೆ. ಎಲ್ಲರೂ ಕಟ್ಟಿದ್ದಾರೆ, ಏನೂ ಆಗುವುದಿಲ್ಲ ಎಂದು ದಲ್ಲಾಳಿ ಹೇಳುವ ಮಾತಿಗೆ ಶ್ರಾವಕನು ಒಡಂಬಟ್ಟರೆ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ ವಿರುದ್ಧರಾಜ್ಯಾತಿಕ್ರಮವನ್ನು ಅವನು ಜ್ಞಾಪಿಸಿಕೊಳ್ಳಬೇಕಾಗುತ್ತದೆ.

ಇನ್ನು ಆಲಯದ ವಿಚಾರ. ಮನೆಯನ್ನು ಗೃಹಪ್ರವೇಶದ ದಿನದ ಕಣ್ಣಿನಿಂದ ನೋಡಬಾರದು, ಚತುರ್ದಶಿಯ ದಿನದ ಕಣ್ಣಿನಿಂದ ನೋಡಬೇಕು. ಪ್ರೋಷಧೋಪವಾಸವನ್ನು ಕೈಗೊಂಡವನು ತ್ರಯೋದಶಿಯಂದು ಏಕಭುಕ್ತನಾಗಿ, ಚತುರ್ದಶಿಯಂದು ನಾಲ್ಕು ಬಗೆಯ ಆಹಾರವನ್ನೂ ಆರಂಭವನ್ನೂ ತೊರೆದು, ಧರ್ಮಶ್ರವಣ ಧ್ಯಾನಗಳಲ್ಲಿ ದಿನ ಕಳೆಯಬೇಕು. ಅಂದು ಅವನು ಕುಳಿತುಕೊಳ್ಳುವುದೆಲ್ಲಿ? ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ ಅಡುಗೆಮನೆ, ಊಟದ ಮೇಜು, ದೂರದರ್ಶನ ಎಲ್ಲವೂ ಒಂದೇ ಹಜಾರದಲ್ಲಿ. ಮೇಲೆ ಕೆಳಗೆ ವಿದ್ಯಾರ್ಥಿಗಳು ಬಾಡಿಗೆಗೆ ಇರುವ ಮನೆಗಳು. 1953ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಮಣಿಪಾಲವು ವಿದ್ಯಾರ್ಥಿಗಳ ಊರು, ಮಧ್ಯರಾತ್ರಿಗೂ ಎಚ್ಚರವಿರುವ ಊರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಓದುವ ಮಕ್ಕಳಿಗೆ ಅದು ತಕ್ಕ ಸ್ಥಾನವೇ. ಸಾಮಾಯಿಕಕ್ಕೆ ಕುಳಿತ ಎಪ್ಪತ್ತರ ಮುದುಕಿಗೆ ತಕ್ಕ ಸ್ಥಾನವಲ್ಲ, ಅಷ್ಟೆ.

ನೀರಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿ ಕುಡಿಯುವುದು ಶ್ರಾವಕನ ಮೊದಲ ಲಕ್ಷಣ. ಸೋಸುವುದರಲ್ಲಿಯೇ ಕ್ರಿಯೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಸೇದಿತೋ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಸೋಸಿದ ನೀರಿನ ಮರ್ಯಾದೆಯೂ ಒಂದು ಮುಹೂರ್ತ, ಎಂದರೆ 48 ನಿಮಿಷ. ಆಮೇಲೆ ಮತ್ತೆ ಸೋಸಬೇಕು. ಬಾವಿಯ ಕಟ್ಟೆಯ ಬಳಿ ನಿಂತವರಿಗೆ ಇದು ಒಂದು ಕೊಡಪಾನದ ಕೆಲಸ. ಕೊಳವೆಬಾವಿಯಿಂದ ಯಂತ್ರ ಎತ್ತಿ, ಮಾಳಿಗೆಯ ತೊಟ್ಟಿಯಲ್ಲಿ ತುಂಬಿ, ನಲ್ಲಿಯಿಂದ ಬೀಳುವ ನೀರಿನಲ್ಲಿ ಯಾವುದನ್ನು ಎಲ್ಲಿಗೆ ಮರಳಿಸುವುದು? ಫ್ಲ್ಯಾಟಿನಲ್ಲಿ ಬಾಳುವ ಶ್ರಾವಕರು ಸೋಸುವುದನ್ನಾದರೂ ಬಿಡದೆ ನಡೆಸುತ್ತಿದ್ದರೆ ಅವರನ್ನು ಹಳಿಯುವ ಕಾರಣವಿಲ್ಲ. ಶಕ್ತಿಗೆ ತಕ್ಕಂತೆ ಧರ್ಮ. ಆದರೆ ಬಾವಿಯಿರುವ ಮನೆ, ಬಾವಿಯಿಲ್ಲದ ಮನೆ ಎರಡೂ ಒಂದೇ ಬೆಲೆಗೆ ಎದುರಿಗಿರುವಾಗ ಯಾವುದನ್ನು ಹಿಡಿಯಬೇಕೆಂಬುದರಲ್ಲಿ ಸಂಶಯವಿರಬಾರದು. ಮುನಿಗಳೋ ಆರ್ಯಿಕೆಯರೋ ವಿಹಾರದಲ್ಲಿ ಬಂದಾಗ ಬಾಗಿಲಲ್ಲಿ ನಿಂತು ಪಡಿಗಾಹಿಸುವುದಕ್ಕೂ, ಶುದ್ಧವಾದ ಅಡುಗೆಗೂ ಬಾವಿಯ ನೀರೇ ಬೇಕು. ನೆಲಕ್ಕೆ ತಾಗಿದ ಬಾಗಿಲೂ ಬೇಕು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗೆ ಸಂಜೆಯ ಬೆಳಕು ಬೀಳುವ ಅಡುಗೆಮನೆ ಬೇಕೆಂಬುದನ್ನು ಹೆಂಗಸರು ಹೇಳದೆಯೇ ಬಲ್ಲರು. ಆದರೆ ಮನೆ ನೋಡಲು ಹೋಗುವ ದಿನ ಅವರನ್ನು ಕರೆದೊಯ್ಯುವ ಪದ್ಧತಿ ಎಷ್ಟು ಮನೆಗಳಲ್ಲಿದೆ?

ಹೊಸ ಮನೆ ಕಟ್ಟುವುದೋ ಕಟ್ಟಿದ್ದನ್ನು ಕೊಳ್ಳುವುದೋ ಎಂಬಲ್ಲಿಯೂ ಶಾಸ್ತ್ರದ ದೃಷ್ಟಿ ಸ್ಪಷ್ಟವಾಗಿದೆ. ಗೃಹಸ್ಥನಿಗೆ ಆರಂಭೀ ಹಿಂಸೆ ತಪ್ಪಿದ್ದಲ್ಲ, ಆದರೆ ತಗ್ಗಿಸಬಹುದಾದುದನ್ನು ತಗ್ಗಿಸದಿರುವುದು ಪ್ರಮಾದ. ಮಣ್ಣು ಅಗೆಯುವುದು, ಕಲ್ಲು ಕಡಿಯುವುದು, ಮರ ಉರುಳಿಸುವುದು, ಇವೆಲ್ಲವೂ ಹೊಸ ಕಟ್ಟಡದೊಡನೆ ಬರುತ್ತವೆ. ಬೇರೊಬ್ಬರು ಕಟ್ಟಿಸಿ ಬಾಳಿದ ಗಟ್ಟಿ ಮನೆಯನ್ನು ಕೊಂಡು ಹೆಂಚು ಕೈಯಾಡಿಸಿ, ಗೋಡೆಗೆ ಸುಣ್ಣ ಬಳಿದು ಇರುವವನಿಗೆ ಈ ಪಾಪದ ಬಹುಭಾಗ ತಪ್ಪುತ್ತದೆ. ಹಳೆಯ ಮನೆ ಎಂದರೆ ಅಗ್ಗದವರ ಆಯ್ಕೆ ಎಂದು ಮೂಗು ಮುರಿಯುವವರು ಇದನ್ನು ಯೋಚಿಸಲಿ.

ಕಟ್ಟಲೇಬೇಕಾಗಿ ಬಂದರೆ ನೆಲದ ಜಾತಿಯನ್ನು ನೋಡಬೇಕು. ಈ ಸೀಮೆಯ ಒಕ್ಕಲಿಗರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ಎಣಿಸುತ್ತ ಬಂದಿದ್ದಾರೆ: ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಣದು ಮಜಲು, ಎತ್ತರದ್ದು ಬೆಟ್ಟು. ಈಗ ಹೆದ್ದಾರಿಯ ಎರಡೂ ಕಡೆ ಲಾರಿಗಟ್ಟಲೆ ಕೆಂಪುಮಣ್ಣು ಸುರಿದು ಬೈಲುಗದ್ದೆಗಳನ್ನು ಎತ್ತರಿಸಿ ನಿವೇಶನ ಮಾಡಿ ಮಾರುತ್ತಾರೆ. ಕಪ್ಪೆ, ಏಡಿ, ಎರೆಹುಳು, ಮೀನುಮರಿ, ಕಣ್ಣಿಗೆ ಕಾಣದ ತ್ರಸಜೀವಗಳು ಅಸಂಖ್ಯಾತವಾಗಿ ಆ ಮಣ್ಣಿನಡಿ ಹೂತುಹೋಗುತ್ತವೆ. ಮಳೆಗಾಲದಲ್ಲಿ ಹರಿಯಬೇಕಾದ ನೀರು ದಾರಿತಪ್ಪಿ ನೆರೆಯವನ ಅಂಗಳಕ್ಕೆ ನುಗ್ಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಲ್ಲಿ ನೀರಿನ ದಾರಿಗೆ ಅಡ್ಡ ಕಟ್ಟಿದವನು ನೆಮ್ಮದಿಯ ಸಾಮಾಯಿಕವನ್ನು ಬಯಸುವುದು ಹೇಗೆ? ಬೆಲೆ ತುಸು ಹೆಚ್ಚಾದರೂ ಬೆಟ್ಟಿನ ಜಾಗವೇ ಶ್ರಾವಕನಿಗೆ ತಕ್ಕುದು.

ಸ್ಥಾನ, ಆಲಯ ಎರಡನ್ನೂ ನೋಡಿಯಾದ ಮೇಲೆ ಉಳಿಯುವುದು ಪ್ರಮಾಣ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವ ಸೂತ್ರದಲ್ಲಿ ಮೊದಲಿಗೆ ಬರುವುದೇ ಕ್ಷೇತ್ರ ಮತ್ತು ವಾಸ್ತು, ಹೊಲ ಮತ್ತು ಮನೆ, ಚಿನ್ನಬೆಳ್ಳಿಗಳು ಆಮೇಲೆ. ಇಷ್ಟು ಮನೆ, ಇಷ್ಟು ಭೂಮಿ ಎಂದು ಎಲ್ಲೆ ಹಾಕಿಕೊಂಡವನು ಎಂತೆಂತಹ ಉಪಾಯಗಳನ್ನು ಹೂಡಬಲ್ಲನೆಂಬುದನ್ನು ಆಶಾಧರರು ಚೆನ್ನಾಗಿ ಅರಿತಿದ್ದರು. ಒಂದೇ ಮನೆ ಎಂದು ವ್ರತ ತೊಟ್ಟವನು ಪಕ್ಕದ ಮನೆಯನ್ನೂ ಕೊಂಡು ನಡುವಣ ಗೋಡೆಯನ್ನು ಕೆಡವಿ ಎರಡನ್ನೂ ಒಂದು ಮಾಡಿಬಿಡುತ್ತಾನೆ. ಎಣಿಕೆಗೆ ಮನೆ ಒಂದೇ! ಇಂತಹ ಜೋಡಣೆಯನ್ನು ಅವರು ಅತಿಚಾರವೆಂದೇ ಎಣಿಸಿದ್ದಾರೆ. ಏಳುನೂರು ವರ್ಷಗಳ ಹಿಂದಿನ ಮಾಳವದ ಗೋಡೆ ಇಂದು ಎರಡು ಫ್ಲ್ಯಾಟುಗಳ ನಡುವೆ ಬೀಳುತ್ತಿದೆ. ಎರಡನೆಯ ಮನೆಯನ್ನು ಹೆಂಡತಿಯ ಹೆಸರಿಗೆ, ಮೂರನೆಯದನ್ನು ಇನ್ನೂ ಶಾಲೆ ಸೇರದ ಮಗುವಿನ ಹೆಸರಿಗೆ ಬರೆಸಿ ತನ್ನ ವ್ರತ ಅಖಂಡವಾಗಿದೆಯೆಂದು ನಂಬುವವರೂ ಇದ್ದಾರೆ. ದಸ್ತಾವೇಜಿನಲ್ಲಿ ಹೆಸರು ಬದಲಾದರೆ ಮೂರ್ಛೆ ಬದಲಾಗುವುದಿಲ್ಲ.

ಸಾಲದ ವಿಷಯದಲ್ಲಿ ಶಾಸ್ತ್ರವು ಮೌನವಾಗಿದೆಯೆಂದು ತಿಳಿಯುವ ಅಗತ್ಯವಿಲ್ಲ. ಸಮಂತಭದ್ರರು ಪರಿಗ್ರಹದ ಅತಿಚಾರಗಳಲ್ಲಿ ಅತಿವಾಹನ, ಅತಿಭಾರವಹನಗಳನ್ನು ಸೇರಿಸಿದ್ದಾರೆ. ಎತ್ತುಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದು, ಅವುಗಳ ಮೇಲೆ ಮಿತಿಮೀರಿ ಹೇರುವುದು ಎಂದು ಅದರ ಅರ್ಥ. ಸಂಬಳದ ಅರ್ಧಕ್ಕಿಂತ ಹೆಚ್ಚನ್ನು ಇಪ್ಪತ್ತೈದು ವರ್ಷ ಕಂತು ಕಟ್ಟಬೇಕಾದ ಮನೆಯನ್ನು ಕೊಂಡವನು ತನ್ನನ್ನೇ ಆ ಎತ್ತಿನ ಜಾಗದಲ್ಲಿ ಹೂಡಿಕೊಂಡಿದ್ದಾನೆ. ಅವನಿಗೆ ಅಷ್ಟಮಿಯೂ ಇಲ್ಲ, ಚತುರ್ದಶಿಯೂ ಇಲ್ಲ; ರಜೆ ಹಾಕಿದರೆ ಸಂಬಳ ಕಡಿತ. ಚತುರ್ವಿಧ ದಾನಕ್ಕೆ ಕೈ ಏಳದು. ಮೂರು ಕೋಣೆಯ ಮನೆಗಾಗಿ ಅತಿಥಿಸಂವಿಭಾಗ ವ್ರತವನ್ನು ಒತ್ತೆಯಿಟ್ಟಂತೆ.

ಕಾಗದಪತ್ರಗಳ ಕುರಿತು ಎರಡು ಮಾತು. ಮನೆಯ ನಿಜವಾದ ಬೆಲೆಯಲ್ಲಿ ಒಂದು ಪಾಲನ್ನು ಮಾತ್ರ ಕ್ರಯಪತ್ರದಲ್ಲಿ ತೋರಿಸಿ, ಉಳಿದುದನ್ನು ಕೈಯಿಂದ ಕೈಗೆ ಕೊಡುವುದು ಲೋಕದಲ್ಲಿ ಜಾಣತನವೆನಿಸಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಅದರ ಹೆಸರು ಕೂಟಲೇಖಕ್ರಿಯೆ. ಅಂತಹ ಪತ್ರದ ಮೇಲೆ ಸಹಿ ಹಾಕಿ ಬಂದು ಅದೇ ಮನೆಯಲ್ಲಿ ಶಾಂತಿವಿಧಾನ ಮಾಡಿಸುವುದಕ್ಕೆ ಅರ್ಥವಿಲ್ಲ. ಇನ್ನೊಂದು, ಈ ಜಿಲ್ಲೆಗಳಿಗೇ ವಿಶೇಷವಾದ ಕುಮ್ಕಿಯ ತೊಡಕು. ಹಳೆಯ ವರ್ಗಭೂಮಿಯ ಸುತ್ತ ನೂರು ಗಜದೊಳಗಿನ ಸರಕಾರೀ ಜಾಗದಲ್ಲಿ ಸೊಪ್ಪು ಸೌದೆ ತರುವ ಸವಲತ್ತು ವರ್ಗದಾರನಿಗೆ ಉಂಟು, ಒಡೆತನವಿಲ್ಲ. ಮಾರುವವನು ಬೇಲಿ ತೋರಿಸುವಾಗ ಕುಮ್ಕಿಯನ್ನೂ ಸೇರಿಸಿಯೇ ತೋರಿಸುತ್ತಾನೆ. ಪಹಣಿ, ನಕ್ಷೆ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ ಇವನ್ನು ತಿಳಿದವರಿಂದ ಓದಿಸಿ, ಸರ್ವೆಯವರಿಂದ ಅಳೆಯಿಸಿಯೇ ಮುಂಗಡ ಕೊಡಬೇಕು. ತನ್ನದಲ್ಲದ ನೆಲ ತನ್ನ ಬೇಲಿಯೊಳಗಿದ್ದರೆ ಅದನ್ನು ಅದತ್ತಾದಾನವೆಂದಲ್ಲದೆ ಬೇರೇನೆಂದು ಕರೆಯಬೇಕು?

ಇಷ್ಟನ್ನೂ ನೋಡಿಯಾದರೆ ಆ ಕುಟುಂಬದ ಮೂರು ದಾರಿಗಳಲ್ಲಿ ಉಚ್ಚಿಲದ ಮೂಡುಬದಿಯ ಹಳೆಯ ಮನೆ ಉಳಿದೆರಡಕ್ಕಿಂತ ಲೇಸೆಂದು ಹೊಳೆಯುತ್ತದೆ. ಬಾವಿಯಿದೆ, ನೆಲ ಬೆಟ್ಟಿನದು, ಕಟ್ಟಡ ಗಟ್ಟಿ, ಸಾಲ ಹೊರಬಹುದಾದಷ್ಟು. ಆದರೆ ತಾಯಿಯ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಬಸದಿ ಎಲ್ಲಿದೆ?

ಹಿರಿಯರು ಇದಕ್ಕೆ ಕಂಡುಕೊಂಡಿದ್ದ ಪರಿಹಾರ ಗೃಹಚೈತ್ಯಾಲಯ. ಬಸದಿ ದೂರವಿರುವ ಬೀಡು, ಗುತ್ತು, ತೋಟದ ಮನೆಗಳಲ್ಲಿ ಶುಚಿಯಾದ ಕೋಣೆಯೊಂದರಲ್ಲಿ ಜಿನಬಿಂಬವನ್ನು ಪೂಜಿಸುವ ಪದ್ಧತಿ ತುಳುನಾಡಿನಲ್ಲಿ ಹೊಸದಲ್ಲ. ಕಾರ್ಕಳದ ಮನೆಯ ಬಿಂಬ ಉಚ್ಚಿಲಕ್ಕೆ ಬಂದರೆ ತಾಯಿಯ ನಿಯಮ ಉಳಿಯುತ್ತದೆ. ಎಷ್ಟು ಸರಳ! ಎಂದು ಮಗನು ಸಂತೋಷಪಡುವ ಮೊದಲು ಒಂದನ್ನು ತಿಳಿಯಬೇಕು. ಬಿಂಬವನ್ನು ಗೂಡಿನಲ್ಲಿ ಇರಿಸಿ ವಿದ್ಯುದ್ದೀಪ ಹಚ್ಚಿ ಹೋಗುವಂತಿಲ್ಲ. ದಿನವೂ ಅಭಿಷೇಕ, ಅಷ್ಟವಿಧಾರ್ಚನೆ ನಡೆಯಬೇಕು. ತಾಯಿಗೆ ಜ್ವರ ಬಂದರೂ ನಡೆಯಬೇಕು, ಅವಳ ಕಾಲಾನಂತರವೂ ನಡೆಯಬೇಕು. ಸೂತಕವಿರುವಾಗ ಬಂದು ನಡೆಸಿಕೊಡುವ ಸಾಧರ್ಮಿಯೋ ಇಂದ್ರರೋ ಹತ್ತಿರದಲ್ಲಿರಬೇಕು. ಬೆಳಗ್ಗೆ ಎಂಟು ಗಂಟೆಗೆ ಮಣಿಪಾಲದ ಬಸ್ಸು ಹಿಡಿಯುವ ಮಗನು ಐದಕ್ಕೆ ಎದ್ದು ಬಾವಿಯ ನೀರು ಸೇದಬೇಕು. ಅವನ ಮಕ್ಕಳು ಅದನ್ನು ನೋಡಿ ಕಲಿಯಬೇಕು. ತಾಯಿಯ ವ್ರತವು ಆ ಮನೆಯಲ್ಲಿ ನಿಲ್ಲಬೇಕಾದರೆ ಮಗನು ಒಂದು ವ್ರತವನ್ನು ತೊಡಲೇಬೇಕು. ಕೊಳ್ಳುವ ಮನೆಯ ನಿಜವಾದ ಬೆಲೆ ಇದೇ. ಇದನ್ನು ಯಾವ ಬ್ಯಾಂಕೂ ಸಾಲವಾಗಿ ಕೊಡಲಾರದು.

ಮಗನಿಗೆ ಅದು ಸಾಧ್ಯವಿಲ್ಲವಾದರೆ ಹಾಗೆಂದು ನೇರವಾಗಿ ಹೇಳುವುದು ಧರ್ಮ. ಆಗ ಆಶಾಧರರ ದಾರಿ ತೆರೆದೇ ಇದೆ: ಕುಟುಂಬವೇ ಕಾರ್ಕಳಕ್ಕೆ ಹೋಗಲಿ. ಪಾಲಿನ ಹಣಕ್ಕೆ ಅಲ್ಲಿಯೇ ಬಸದಿಯ ಬೀದಿಯಲ್ಲಿ ಸಣ್ಣ ಮನೆ ಸಿಕ್ಕೀತು, ಇಲ್ಲವೆ ಹಳೆಯ ಮನೆಯಲ್ಲಿಯೇ ಉಳಿದವರ ಪಾಲನ್ನು ಕೊಂಡು ಇರಬಹುದು. ಮಗನಿಗೆ ದಿನವೂ ಮಣಿಪಾಲದ ಪ್ರಯಾಣ, ಸೊಸೆಗೆ ಮೂಲ್ಕಿಯ ಪ್ರಯಾಣ ದೀರ್ಘವಾಗುತ್ತದೆ; ಅದು ಅವರಿಬ್ಬರ ತಪಸ್ಸು. ಸೊಸೆಯ ಒಪ್ಪಿಗೆಯಿಲ್ಲದೆ ಆ ತಪಸ್ಸನ್ನು ಅವಳ ಮೇಲೆ ಹೇರಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ತಾಯಿಯನ್ನು ಒಬ್ಬಳನ್ನೇ ಕಾರ್ಕಳದಲ್ಲಿ ಬಿಟ್ಟು ವಾರಕ್ಕೊಮ್ಮೆ ಹಣ್ಣು ತೆಗೆದುಕೊಂಡು ಹೋಗಿ ಬರುವುದು ಮೂರನೆಯ ದಾರಿ; ಬಹಳ ಜನ ಹಿಡಿದಿರುವುದೂ ಇದನ್ನೇ.

ಸಂದೇಹವಿರುವವರಿಗೆ ಒಂದು ಉಪಾಯವುಂಟು. ಕೊಳ್ಳುವ ಮೊದಲು ಆ ಊರಿನಲ್ಲಿ ಬಾಡಿಗೆಯ ಮನೆ ಹಿಡಿದು ಒಂದು ವರ್ಷ ಇದ್ದುನೋಡುವುದು. ಒಂದು ಬೇಸಗೆಯಲ್ಲಿ ಬಾವಿಯ ನೀರಿನ ರುಚಿ ತಿಳಿಯುತ್ತದೆ, ಒಂದು ಮಳೆಗಾಲದಲ್ಲಿ ನೆಲದ ಗುಣ ತಿಳಿಯುತ್ತದೆ, ಭಾದ್ರಪದದ ಹತ್ತು ದಿನಗಳಲ್ಲಿ ಸ್ಥಾನದ ಗುಣವೂ ತಮ್ಮ ಗುಣವೂ ತಿಳಿಯುತ್ತವೆ. ಮಗನು ಆ ಒಂದು ವರ್ಷ ಪೂಜೆಯ ಹೊಣೆಯನ್ನು ಹೊತ್ತುನೋಡಲಿ. ದೇಶಾವಕಾಶಿಕ ವ್ರತದಲ್ಲಿ ಮನೆ, ಬೀದಿ, ಊರು, ಹೊಲ, ಹೊಳೆ ಎಂದು ಎಲ್ಲೆ ಕಟ್ಟುವಾಗ ಕಾಲಕ್ಕೂ ಮಿತಿ ಹಾಕುವ ಪದ್ಧತಿಯಿದೆ. ಒಂದು ವರ್ಷ, ಒಂದು ಋತು, ಒಂದು ತಿಂಗಳು, ಒಂದು ಪಕ್ಷ. ಅದೇ ಕ್ರಮ ಇಲ್ಲಿಯೂ ಸಲ್ಲುತ್ತದೆ.

ಕಾರ್ಕಳದ ಮನೆಯ ಮಾರಾಟದಲ್ಲಿ ಆತುರ ಬೇಡ. ಅಳಿಯಕಟ್ಟಿನ ಹಳೆಯ ಕುಟುಂಬಗಳಲ್ಲಿ 1949ರ ಕಾಯಿದೆ, 1956ರ ಉತ್ತರಾಧಿಕಾರ ಕಾಯಿದೆಗಳ ಬಳಿಕ ಪಾಲುಪಟ್ಟಿಗಳು ಆಗಿವೆ, ಆಗುತ್ತಲೂ ಇವೆ. ಆ ಪಟ್ಟಿಗಳಲ್ಲಿ ಗದ್ದೆ, ತೋಟ, ಪಾತ್ರೆ, ನಾಗಂದಿಗೆಯ ಮರದವರೆಗೂ ಬರೆದಿರುತ್ತಾರೆ. ಬಿಂಬದ ಪೂಜೆ ಯಾರದೆಂಬುದನ್ನು ಬರೆಯಲು ಮರೆತಿರುತ್ತಾರೆ. ದೈವಗಳ ಕೋಲದ ಖರ್ಚು ಯಾರದೆಂದು ಜಗಳವಾಡುವವರೂ ಇದರಲ್ಲಿ ಮೌನವಾಗಿರುತ್ತಾರೆ. ಆದುದರಿಂದ ಕ್ರಯಪತ್ರಕ್ಕೆ ದಿನ ಗೊತ್ತುಮಾಡುವ ಮುಂಚೆ ಪಾಲುದಾರರೆಲ್ಲರೂ ಒಂದು ದಿನ ಆ ಮನೆಯಲ್ಲಿ ಸೇರಲಿ. ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಬಿಂಬವು ಉಚ್ಚಿಲಕ್ಕೋ, ಬೇರೊಬ್ಬ ಪಾಲುದಾರನ ಮನೆಗೋ, ಊರಿನ ಬಸದಿಗೋ ಎಂಬುದನ್ನು ಮೊದಲು ನಿಶ್ಚಯಿಸಲಿ. ಬಸದಿಗೆಂದಾದರೆ ಅಲ್ಲಿಯ ಇಂದ್ರರನ್ನು ಕೇಳಿ, ನಿತ್ಯಪೂಜೆಗೆ ತಕ್ಕ ಮೂಲಧನವನ್ನು ಮಾರಾಟದ ಹಣದಿಂದ ಹಂಚಿಕೆಗೆ ಮುಂಚೆಯೇ ತೆಗೆದಿರಿಸಲಿ. ಬಿಂಬವು ವಿಧಿಯಂತೆ ಹೊರಟು ತನ್ನ ಎಡೆಯನ್ನು ಸೇರಿ ಅಲ್ಲಿ ಮೊದಲ ಅಭಿಷೇಕ ನಡೆದ ಮೇಲೆ ಹಳೆಯ ಮನೆಯ ಬೀಗದ ಕೈಯನ್ನು ಕೊಂಡವರಿಗೆ ಒಪ್ಪಿಸಬಹುದು.